ಸಂಘದ ಕಂಪ್ಯೂಟರ್ 1902 ತೋರಿಸಿತು, ಹಾಗಾದ್ರೆ ವಿಮಾನದ ಕಥೆ ಏನು?

ಪ್ರಶ್ನೆ: ಸರ್, ನಾನು ತೀರ್ಥಹಳ್ಳಿ ಕಡೆಯ ಒಂದು ಸಣ್ಣ ಸಹಕಾರ ಸಂಘದಲ್ಲಿ ಲೆಕ್ಕ ಬರೆಯುತ್ತೇನೆ. ಅಡಿಕೆ ತೋಟದ ಮೇಲಿನ 15 ವರ್ಷದ ಸಾಲಕ್ಕೆ ಕಂತಿನ ಪಟ್ಟಿ ತೆಗೆದೆ. 2037ರ ಮಾರ್ಚ್ ಕಂತಿನ ತನಕ ಎಲ್ಲ ಸರಿ ಇತ್ತು. ಮುಂದಿನ ಸಾಲಿನಲ್ಲಿ 31-03-2038 ಬರಬೇಕಿತ್ತು, 22-02-1902 ಅಂತ ಬಂತು. ಸಾಫ್ಟ್‌ವೇರ್ ನೋಡಿಕೊಳ್ಳುವ ಹುಡುಗನನ್ನು ಕೇಳಿದರೆ, "ಇದು 2038ರ ಸಮಸ್ಯೆ ಸರ್, ಆ ದಿನ ವಿಮಾನಗಳೂ ಬೀಳ್ತಾವಂತೆ" ಅಂತ ನಕ್ಕುಬಿಟ್ಟ. ನನ್ನ ಮಗಳು ಬೆಂಗಳೂರಿನಿಂದ ಶಿವಮೊಗ್ಗದ ಸೋಗಾನೆ ನಿಲ್ದಾಣಕ್ಕೆ ವಿಮಾನದಲ್ಲಿ ಓಡಾಡುತ್ತಾಳೆ. ಇದು ನಿಜವಾ? ವಿಮಾನದವರು ಹಳೆಯ ಕಂಪ್ಯೂಟರುಗಳನ್ನು ಇಂಥ ದಿನಕ್ಕೆ ಹೇಗೆ ತಯಾರು ಮಾಡುತ್ತಾರೆ?

ಉತ್ತರ: ಮೊದಲು ಮಗಳ ವಿಷಯ ಮುಗಿಸಿಬಿಡೋಣ. ದಿನಾಂಕ ತಪ್ಪಿತು ಅಂತ ವಿಮಾನ ಆಕಾಶದಿಂದ ಕೆಳಗೆ ಬೀಳುವುದಿಲ್ಲ. ರೆಕ್ಕೆಗೆ ಇವತ್ತು ಯಾವ ವಾರ ಅಂತ ಗೊತ್ತಿರಬೇಕಾಗಿಲ್ಲ. ವೇಗ ಅಳೆಯುವುದು ಎದುರಿನಿಂದ ನುಗ್ಗುವ ಗಾಳಿಯ ಒತ್ತಡದಿಂದ, ಎತ್ತರ ಅಳೆಯುವುದು ಹೊರಗಿನ ಗಾಳಿಯ ಒತ್ತಡದಿಂದ, ವಿಮಾನ ಯಾವ ಕಡೆ ವಾಲಿದೆ ಅಂತ ಹೇಳುವುದು ಗೈರೋ. ಇವುಗಳಲ್ಲಿ ಯಾವುದೂ ಕ್ಯಾಲೆಂಡರ್ ನೋಡುವುದಿಲ್ಲ. ಕುಕ್ಕರಿನ ಸೀಟಿ ಎಣಿಸಲು ಪಂಚಾಂಗ ಬೇಕಾ? ಹಾಗೇ ಇದು. ಸೋಗಾನೆಯ ವಿಮಾನ ಜುಲೈ ತಿಂಗಳಲ್ಲಿ ತಡವಾಯಿತು ಅಂದರೆ ಮೊದಲು ಮೋಡದ ಮೇಲೆ ಅನುಮಾನ ಪಡಿ, ಕಂಪ್ಯೂಟರ್ ಮೇಲೆ ಆಮೇಲೆ.

ಆದರೆ ನಿಮ್ಮ ಹುಡುಗ ಪೂರ್ತಿ ಸುಳ್ಳು ಹೇಳಿದ ಅಂತಲೂ ಹೇಳಲಾರೆ. ನಾನು ಬೆಂಗಳೂರಿನಲ್ಲಿ ಇಪ್ಪತ್ತು ವರ್ಷಕ್ಕೂ ಜಾಸ್ತಿ ವಿಮಾನದ ಎಲೆಕ್ಟ್ರಾನಿಕ್ ಬಾಕ್ಸ್‌ಗಳನ್ನು ಪರೀಕ್ಷೆ ಮಾಡುವ ಕೆಲಸದಲ್ಲಿದ್ದವನು. ಈಗ ಹೊಸನಗರದ ಹತ್ತಿರ ತೋಟ ಮಾಡಿಕೊಂಡಿದ್ದೇನೆ. ಈ ಕಾಯಿಲೆಯನ್ನು ನಾನು ಹತ್ತಿರದಿಂದ ಕಂಡಿದ್ದೇನೆ, ಅದು ಬರುವ ದಾರಿಯೇ ಬೇರೆ.

ನಿಮ್ಮ 1902 ಎಲ್ಲಿಂದ ಬಂತು ಅಂತ ಮೊದಲು ನೋಡೋಣ, ಯಾಕೆಂದರೆ ವಿಮಾನದಲ್ಲಿ ಆಗುವುದೂ ಇದೇ. ಬಹಳಷ್ಟು ಕಂಪ್ಯೂಟರುಗಳು ದಿನಾಂಕವನ್ನು ದಿನಾಂಕವಾಗಿ ಇಟ್ಟುಕೊಳ್ಳುವುದಿಲ್ಲ. 1970ರ ಜನವರಿ 1ರಿಂದ ಎಷ್ಟು ಸೆಕೆಂಡ್ ಆಯಿತು ಅಂತ ಸುಮ್ನೆ ಎಣಿಸುತ್ತಾ ಹೋಗುತ್ತವೆ. ಆ ಲೆಕ್ಕಕ್ಕೆ ಹಳೆಯ ಸಾಫ್ಟ್‌ವೇರ್‌ನಲ್ಲಿ 32 ಬಿಟ್‌ನ, ಅಂದರೆ ಸೊನ್ನೆ ಅಥವಾ ಒಂದು ಬರೆಯುವ 32 ಮನೆಗಳ ಜಾಗ ಕೊಟ್ಟಿರುತ್ತಾರೆ. ಅದರಲ್ಲಿ ಹಿಡಿಯುವ ದೊಡ್ಡ ಸಂಖ್ಯೆ 2,14,74,83,647. ಅಷ್ಟು ಸೆಕೆಂಡ್ ತುಂಬುವುದು 2038ರ ಜನವರಿ 19ರಂದು, ನಮ್ಮ ಗಡಿಯಾರದಲ್ಲಿ ಮಂಗಳವಾರ ಬೆಳಿಗ್ಗೆ 8 ಗಂಟೆ 44 ನಿಮಿಷ 7 ಸೆಕೆಂಡಿಗೆ. ಮರುಸೆಕೆಂಡಿಗೆ ಲೆಕ್ಕ ಮಗುಚಿಕೊಂಡು 1901ರ ಡಿಸೆಂಬರ್‌ಗೆ ಹೋಗುತ್ತದೆ. ಅಲ್ಲಿಂದ ಎಪ್ಪತ್ತು ದಿನ ಚಿಲ್ಲರೆ ಮುಂದೆ ಎಣಿಸಿ ನೋಡಿ, 1902ರ ಫೆಬ್ರವರಿ 22 ಬರುತ್ತದೆ. ನಿಮ್ಮ ಸಂಘದ ಕಂಪ್ಯೂಟರ್ ತನಗೆ ಗೊತ್ತಿರುವ ಗಣಿತವನ್ನು ಸರಿಯಾಗಿಯೇ ಮಾಡಿದೆ, ಪಾಪ. ಜಾಗ ಸಾಲಲಿಲ್ಲ, ಅಷ್ಟೇ.

ಇಲ್ಲಿ ಇನ್ನೊಂದು ವಿಷಯ ಗಮನಿಸಿ. 2038ರ ಸಮಸ್ಯೆ ನಿಮಗೆ ಈಗಲೇ ಬಂತು. ಆ ದಿನದ ತನಕ ಅದು ಕಾಯಲಿಲ್ಲ. ಮುಂದಿನ ದಿನಾಂಕದ ಜೊತೆ ಕೆಲಸ ಮಾಡುವವರಿಗೆ ಇದು ಯಾವತ್ತೂ ಮೊದಲೇ ಸಿಗುತ್ತದೆ. ಸಾಲ ಕೊಡುವವರು, ವಿಮೆ ಮಾಡುವವರು, ವಿಮಾನದ ಬಿಡಿಭಾಗ ಯಾವಾಗ ಬದಲಿಸಬೇಕು ಅಂತ ಹತ್ತು ವರ್ಷ ಮುಂಚೆ ಪಟ್ಟಿ ಹಾಕುವವರು, ಎಲ್ಲರಿಗೂ.

ಈಗ ವಿಮಾನದ ಕಡೆ ಬರೋಣ. ಇಲ್ಲಿ ಗಡಿಯಾರ ಎರಡು ಬಗೆ. ಒಂದು ಕ್ಯಾಲೆಂಡರ್ ಗಡಿಯಾರ, ಇನ್ನೊಂದು ಸ್ಟಾಪ್‌ವಾಚ್. ಜನ ಹೆದರುವುದು ಮೊದಲನೆಯದಕ್ಕೆ. ನಾವು ಒಳಗಿನವರು ಹೆದರುವುದು ಎರಡನೆಯದಕ್ಕೆ.

ಸ್ಟಾಪ್‌ವಾಚ್ ಅಂದರೆ ಬಾಕ್ಸ್‌ಗೆ ಕರೆಂಟ್ ಕೊಟ್ಟಾಗಿನಿಂದ ಓಡುವ ಲೆಕ್ಕ. 2015ರಲ್ಲಿ ಅಮೆರಿಕದ ವಿಮಾನಯಾನ ನಿಯಂತ್ರಕರಾದ ಎಫ್‌ಎಎ ಬೋಯಿಂಗ್ 787 ಬಗ್ಗೆ ಒಂದು ಕಡ್ಡಾಯ ಸೂಚನೆ ಹೊರಡಿಸಿತು. ಆ ವಿಮಾನದಲ್ಲಿ ಎಂಜಿನ್‌ಗಳಿಗೆ ಕೂಡಿಸಿದ ನಾಲ್ಕು ಮುಖ್ಯ ಜನರೇಟರ್‌ಗಳಿವೆ, ಒಂದೊಂದಕ್ಕೂ ಒಂದು ನಿಯಂತ್ರಣ ಬಾಕ್ಸ್ ಇದೆ. ಆ ಬಾಕ್ಸ್ ಒಳಗಿನ ಒಂದು ಕೌಂಟರ್ 248 ದಿನ ಎಡೆಬಿಡದೆ ಕರೆಂಟ್ ಇದ್ದರೆ ತುಂಬಿಹೋಗುತ್ತಿತ್ತು. ತುಂಬಿದ ಕೂಡಲೇ ಬಾಕ್ಸ್ ತನ್ನನ್ನು ತಾನು ಸುರಕ್ಷಿತ ಸ್ಥಿತಿಗೆ ಹಾಕಿಕೊಂಡು ಜನರೇಟರ್ ಕಡಿದುಬಿಡುತ್ತಿತ್ತು. ಒಂದು ಹೋದರೆ ಇನ್ನು ಮೂರು ಇವೆಯಲ್ಲ ಅಂತೀರಾ? ನಾಲ್ಕನ್ನೂ ಒಂದೇ ಸಲ ಚಾಲೂ ಮಾಡಿದ್ದರೆ ನಾಲ್ಕೂ ಒಂದೇ ಸಲ ತುಂಬುತ್ತಿದ್ದವು. ಸೆಕೆಂಡಿನ ನೂರನೇ ಒಂದು ಭಾಗದಂತೆ ಎಣಿಸಿದರೆ ನಿಮ್ಮ ಅದೇ 2,14,74,83,647 ಸುಮಾರು 248 ದಿನ 13 ಗಂಟೆಗೆ ಮುಗಿಯುತ್ತದೆ. ಸಂಘದ ಕಂಪ್ಯೂಟರ್ ಮತ್ತು 787, ಇಬ್ಬರಿಗೂ ಒಂದೇ ಮಡಕೆ ತುಂಬಿದ್ದು.

ಇದು ಸಿಕ್ಕಿದ್ದು ಪ್ರಯೋಗಾಲಯದ ಪರೀಕ್ಷೆಯಲ್ಲಿ, ಹಾರುತ್ತಿದ್ದ ವಿಮಾನದಲ್ಲಿ ಅಲ್ಲ. ಎಫ್‌ಎಎ ಹೇಳಿದ ತಕ್ಷಣದ ಪರಿಹಾರವೂ ಸರಳ: 120 ದಿನ ದಾಟುವುದರೊಳಗೆ ಒಮ್ಮೆ ವಿಮಾನದ ಕರೆಂಟ್ ಪೂರ್ತಿ ತೆಗೆದು ಮತ್ತೆ ಕೊಡಿ. ನಮ್ಮ ಮನೆಯ ಟಿವಿ ಸೆಟ್‌ಟಾಪ್ ಬಾಕ್ಸ್‌ಗೆ ನಾವು ಮಾಡುವ ಚಿಕಿತ್ಸೆಯೇ. ಏರ್‌ಬಸ್ ಎ350ಗೂ 2017ರಲ್ಲಿ ಯುರೋಪಿನ ನಿಯಂತ್ರಕರು ಇಂಥದೇ ಸೂಚನೆ ಕೊಟ್ಟಿದ್ದರು, ಅಲ್ಲಿ ಗಡುವು 149 ಗಂಟೆ. ಅಂದರೆ ವಾರ ತುಂಬುವುದರೊಳಗೆ.

ಈ ಆಫ್-ಆನ್ ಚಿಕಿತ್ಸೆ ನನಗೆ ಇಷ್ಟವಿಲ್ಲ. ತಾತ್ಕಾಲಿಕವಾಗಿ ಸರಿ, ಆದರೆ ಅದನ್ನೇ ಕಾಯಂ ಮಾಡಿಕೊಂಡರೆ ಏನಾಗುತ್ತದೆ ಅಂತ ಅಮೆರಿಕದ ಲಾಸ್ ಏಂಜಲೀಸ್‌ನಲ್ಲಿ ನೋಡಿಯಾಗಿದೆ. ಅಲ್ಲಿನ ವಿಮಾನ ಸಂಚಾರ ನಿಯಂತ್ರಣ ಕೇಂದ್ರದಲ್ಲಿ ಪೈಲಟ್‌ಗಳ ಜೊತೆ ಮಾತಾಡುವ ರೇಡಿಯೋ ವ್ಯವಸ್ಥೆಯನ್ನು ನಡೆಸುವ ಒಂದು ಕಂಪ್ಯೂಟರ್ ಇತ್ತು. ಅದರೊಳಗಿನ ಕೌಂಟರ್ ಮಿಲಿಸೆಕೆಂಡ್‌ನಲ್ಲಿ ಎಣಿಸುತ್ತಿತ್ತು, 49.7 ದಿನಕ್ಕೆ ತುಂಬುತ್ತಿತ್ತು. ಇದು ಅಲ್ಲಿಯವರಿಗೆ ಗೊತ್ತೂ ಇತ್ತು. ಅದಕ್ಕೇ 30 ದಿನಕ್ಕೊಮ್ಮೆ ಕೈಯಾರೆ ರೀಸ್ಟಾರ್ಟ್ ಮಾಡಬೇಕು ಅಂತ ನಿಯಮ. 2004ರಲ್ಲಿ ಒಂದು ಸಲ ಆ ಕೆಲಸ ತಪ್ಪಿಹೋಯಿತು. ಸೆಪ್ಟೆಂಬರ್ 14ರ ಸಂಜೆ ರೇಡಿಯೋ ಮೂಕವಾಯಿತು. ಬದಲಿ ವ್ಯವಸ್ಥೆಯೂ ಎದ್ದ ಹಾಗೆ ಮಾಡಿ ಮಲಗಿತು. ನೂರಾರು ವಿಮಾನಗಳು ಪರದೆಯ ಮೇಲೆ ಕಾಣುತ್ತಿವೆ, ಮಾತಾಡಲು ಆಗುತ್ತಿಲ್ಲ, ಕೆಲವು ಇರಬೇಕಾದ ಅಂತರಕ್ಕಿಂತ ಹತ್ತಿರ ಬಂದವು. ಮೂರು ಗಂಟೆಗೂ ಹೆಚ್ಚು ಹೊತ್ತು ಹೀಗೇ. ಕೇಂದ್ರದ ಸಂಚಾರ ನಿಯಂತ್ರಕರು ತಮ್ಮ ಸ್ವಂತ ಮೊಬೈಲ್ ತೆಗೆದು ಪಕ್ಕದ ಕೇಂದ್ರಗಳಿಗೆ ಫೋನ್ ಮಾಡಿದರು. ವಿಮಾನಗಳಲ್ಲಿ ಇದ್ದ ಡಿಕ್ಕಿ ತಪ್ಪಿಸುವ ಸಾಧನವೂ ಕೈಹಿಡಿಯಿತು. ಯಾರಿಗೂ ಪೆಟ್ಟಾಗಲಿಲ್ಲ.

ಇನ್ನು ಕ್ಯಾಲೆಂಡರ್ ಗಡಿಯಾರ. ವಿಮಾನಕ್ಕೆ ಈಗ ತಾರೀಕು ಹೇಳುವುದು ಮುಖ್ಯವಾಗಿ ಜಿಪಿಎಸ್. ಜಿಪಿಎಸ್ ಹೇಗೆ ತಾರೀಕು ಹೇಳುತ್ತದೆ ಅನ್ನುವುದನ್ನು ನಮ್ಮ ಕಡೆಯವರಿಗೆ ಅರ್ಥ ಮಾಡಿಸುವುದು ಬಹಳ ಸುಲಭ, ಯಾಕೆಂದರೆ ನಮಗೆ ಸಂವತ್ಸರ ಗೊತ್ತು.

ಹಳೆಯ ಜಮೀನಿನ ಪತ್ರವೊಂದು ಅಟ್ಟದ ಮೇಲೆ ಸಿಕ್ಕಿತು ಅಂದುಕೊಳ್ಳಿ. "ಕ್ರೋಧಿ ಸಂವತ್ಸರದ ಮಾರ್ಗಶಿರ ಶುದ್ಧ ಪಂಚಮಿ" ಅಂತ ಮಾತ್ರ ಬರೆದಿದೆ. ಯಾವ ಕ್ರೋಧಿ? 2024ರ ಯುಗಾದಿಗೆ ಶುರುವಾದದ್ದು ಕ್ರೋಧಿ. 1964ರದ್ದೂ ಕ್ರೋಧಿ. 1904ರದ್ದೂ ಅದೇ. ಅರವತ್ತು ಹೆಸರು ಮುಗಿದ ಮೇಲೆ ಮತ್ತೆ ಪ್ರಭವದಿಂದ ಶುರು. ಕಾಗದ ನೋಡಿ, ಶಾಯಿ ನೋಡಿ, ಅಜ್ಜನ ಹೆಸರು ನೋಡಿ ಊಹೆ ಮಾಡಬೇಕು. ಅದಕ್ಕೇ ಶಾಸನ ಕೆತ್ತಿಸಿದವರು ಶಕವರ್ಷವನ್ನೂ ಹಾಕಿ ಸಂವತ್ಸರದ ಹೆಸರನ್ನೂ ಹಾಕುತ್ತಿದ್ದರು. ಜಾಣರು.

ಜಿಪಿಎಸ್ ರೂಪಿಸಿದವರು ಶಕವರ್ಷ ಹಾಕಲಿಲ್ಲ. 1980ರ ಜನವರಿ 6ರಿಂದ ವಾರಗಳನ್ನು ಎಣಿಸಲು ಶುರು ಮಾಡಿದರು, ಆ ಲೆಕ್ಕಕ್ಕೆ 10 ಬಿಟ್ ಜಾಗ ಕೊಟ್ಟರು. ಅದರಲ್ಲಿ ಹಿಡಿಯುವುದು 0ರಿಂದ 1023. ಸುಮಾರು 19.6 ವರ್ಷಕ್ಕೆ ಒಂದು ಸುತ್ತು ಮುಗಿದು ಮತ್ತೆ ಸೊನ್ನೆ. ಮೊದಲ ಸುತ್ತು ಮುಗಿದದ್ದು 1999ರ ಆಗಸ್ಟ್ 21ರ ರಾತ್ರಿ, ಎರಡನೆಯದು 2019ರ ಏಪ್ರಿಲ್ 6ರ ರಾತ್ರಿ, ಮೂರನೆಯದು 2038ರ ನವೆಂಬರ್ 20ರ ರಾತ್ರಿ ಮುಗಿಯುತ್ತದೆ. ಹಾಗಾಗಿ 2038 ಎರಡು ಸಲ ಕಾಡುವ ವರ್ಷ, ಜನವರಿಯಲ್ಲೊಮ್ಮೆ, ನವೆಂಬರ್‌ನಲ್ಲೊಮ್ಮೆ. ಹೊಸ ಜಿಪಿಎಸ್ ಸಂಕೇತದಲ್ಲಿ ವಾರಕ್ಕೆ 13 ಬಿಟ್ ಇದೆ, ಅದು ಸುಮಾರು 157 ವರ್ಷ ಬಾಳುತ್ತದೆ. ಆದರೆ ಹಳೆಯ ರಿಸೀವರ್‌ಗೆ ಹೊಸ ಸಂಕೇತ ಓದಲು ಬರುವುದಿಲ್ಲವಲ್ಲ.

ಸರಿ, ರಿಸೀವರ್ ಯಾವ ಸುತ್ತು ಅಂತ ಹೇಗೆ ಊಹಿಸುತ್ತದೆ? ಇಲ್ಲೇ ಇರುವುದು ತೊಡಕು. ತಯಾರಿಸಿದವರು ಒಳಗೆ ಒಂದು ಆರಂಭದ ದಿನ ಬರೆದಿಟ್ಟಿರುತ್ತಾರೆ, "ಈ ದಿನಕ್ಕಿಂತ ಹಿಂದೆ ಯಾವತ್ತೂ ಇರಲು ಸಾಧ್ಯವಿಲ್ಲ" ಅಂತ. ಅಲ್ಲಿಂದ 1024 ವಾರ ಅದು ಸರಿಯಾಗಿ ಹೇಳುತ್ತದೆ. 2008ರ ಮಧ್ಯದ ದಿನ ಬರೆದಿದ್ದರೆ ಅದರ ಆಯಸ್ಸು 2028ರ ಆರಂಭಕ್ಕೆ ಮುಗಿಯಿತು. ಪಕ್ಕದ ಕಂಪನಿಯ ರಿಸೀವರ್‌ಗೆ ಬೇರೆ ದಿನ. ಜಗತ್ತಿಗೆಲ್ಲ ಗೊತ್ತಿರುವ ರಾತ್ರಿ ಏನೂ ಆಗದೆ, ಯಾರೂ ಕಾಯದ ಬೇರೊಂದು ದಿನ ಆ ಒಂದು ಮಾಡೆಲ್ ಮಾತ್ರ ಇಪ್ಪತ್ತು ವರ್ಷ ಹಿಂದಕ್ಕೆ ಹೋಗಬಹುದು.

2019ರ ಏಪ್ರಿಲ್‌ನಲ್ಲಿ ಆ ಎರಡನೇ ಸುತ್ತು ಮುಗಿದಾಗ ಚೀನಾದ ಕೆಲವು ಬೋಯಿಂಗ್ 787ಗಳು ತಾರೀಕು ತಪ್ಪಾಗಿ ನೆಲದಲ್ಲೇ ನಿಂತವು ಅಂತ ವರದಿಯಾಗಿತ್ತು. ನ್ಯೂಯಾರ್ಕ್ ನಗರದ ಸರಕಾರಿ ವೈರ್‌ಲೆಸ್ ಜಾಲವೇ ಆ ರಾತ್ರಿಯಿಂದ ಕೆಲವು ದಿನ ಬಿದ್ದಿತ್ತು. ಇಪ್ಪತ್ತು ವರ್ಷ ಮೊದಲೇ ಗೊತ್ತಿದ್ದ ದಿನ ಅದು!

ತಾರೀಕು ತಪ್ಪಾದರೆ ವಿಮಾನಕ್ಕೆ ಏನು ತೊಂದರೆ ಅಂತ ಕೇಳುತ್ತೀರಿ. ಪೈಲಟ್ ಮುಂದೆ ಎಫ್‌ಎಂಎಸ್ ಅಂತ ಒಂದು ಕಂಪ್ಯೂಟರ್ ಇದೆ, ದಾರಿ ಲೆಕ್ಕ ಹಾಕುವುದು ಅದೇ. ಅದರಲ್ಲಿ ವಿಮಾನ ಮಾರ್ಗ, ರನ್‌ವೇ, ಇಳಿಯುವ ಕ್ರಮ ಎಲ್ಲ ತುಂಬಿದ ಡೇಟಾಬೇಸ್ ಇರುತ್ತದೆ, ಅದು 28 ದಿನಕ್ಕೊಮ್ಮೆ ಬದಲಾಗುತ್ತದೆ. ಸಾಮಾನ್ಯವಾಗಿ ಎರಡು ಕಂತು ತುಂಬಿರುತ್ತವೆ, ಈಗಿನದ್ದು ಮತ್ತು ಪಕ್ಕದ್ದು. ಯಾವುದು ಚಾಲ್ತಿಯಲ್ಲಿದೆ ಅಂತ ನೋಡುವುದು ತಾರೀಕಿನಿಂದ. ಗಡಿಯಾರ 1999 ಅಂದರೆ ಎರಡೂ ಹೊಂದುವುದಿಲ್ಲ, ಎಚ್ಚರಿಕೆ ಬರುತ್ತದೆ, ವಿಮಾನ ಗೇಟಿನಲ್ಲಿ ನಿಲ್ಲುತ್ತದೆ. ಇನ್ನೊಂದು, ಯಾವ ಉಪಗ್ರಹ ಆಕಾಶದಲ್ಲಿ ಎಲ್ಲಿದೆ ಅಂತ ರಿಸೀವರ್ ಹುಡುಕುವುದೂ ತಾರೀಕು ಹಿಡಿದುಕೊಂಡೇ. ತಾರೀಕು ತಪ್ಪಿದರೆ ಹುಡುಕಾಟ ತಡವಾಗುತ್ತದೆ, ಕೆಲವಕ್ಕೆ ಸಿಗುವುದೇ ಇಲ್ಲ. ಆಗಲೂ ನೆಲದ ರೇಡಿಯೋ ಸಂಕೇತ ಹಿಡಿದು ಇಳಿಯಬಹುದು, ಪೈಲಟ್‌ಗಳಿಗೆ ಅಭ್ಯಾಸ ಇರುತ್ತದೆ.

ಹಾಗಾದರೆ ಅಪಾಯ ಎಲ್ಲಿ? ನನ್ನ ಅನುಭವದಲ್ಲಿ ಅದು ಆಕಾಶದಲ್ಲಿ ಕಾಣಿಸಿಕೊಳ್ಳುವುದು ಕಡಿಮೆ, ಹ್ಯಾಂಗರ್‌ನಲ್ಲಿ ಜಾಸ್ತಿ. ನಾನೇ ಮಾಡಿದ ಎಡವಟ್ಟು ಹೇಳುತ್ತೇನೆ.

1999ರ ಡಿಸೆಂಬರ್ 31. ದೇಶದಲ್ಲಿ ವಿಮಾನದ ಕಡೆ ಇದ್ದವರೆಲ್ಲರ ಮನಸ್ಸು ಕಂದಹಾರ್‌ನಲ್ಲಿತ್ತು, ಅಪಹರಣವಾಗಿದ್ದ ಐಸಿ 814ರ ಪ್ರಯಾಣಿಕರು ಬಿಡುಗಡೆಯಾದ ದಿನ ಅದು. ವರ್ಷಕ್ಕೆ ಎರಡೇ ಅಂಕಿ ಇಟ್ಟುಕೊಂಡ ಕಂಪ್ಯೂಟರುಗಳು 2000ಕ್ಕೆ ಕೈಕೊಡುತ್ತವಾ ಅಂತ ನೋಡಲು ನಾವು ಹತ್ತು ಹನ್ನೆರಡು ಜನ ಲ್ಯಾಬ್‌ನಲ್ಲಿ ರಾತ್ರಿ ಪಾಳಿ ಕೂತಿದ್ದೆವು. ಹನ್ನೆರಡು ಹೊಡೆಯಿತು. ಲೈಟ್ ಹೋಗಲಿಲ್ಲ, ಫೋನ್ ಹೋಗಲಿಲ್ಲ. ಕೇಕ್ ಕತ್ತರಿಸಿದರು, ಅರ್ಧ ಜನ ಮನೆಗೆ ಹೊರಟರು. ಆದರೆ ವಿಮಾನಗಳು ನಡೆಯುವುದು ಭಾರತದ ಸಮಯದಲ್ಲಿ ಅಲ್ಲ, ಝುಲು ಅಂತ ಕರೆಯುವ ಗ್ರೀನಿಚ್ ಸಮಯದಲ್ಲಿ. ನಮ್ಮ ಬಾಕ್ಸ್‌ಗಳಿಗೆ ಹೊಸ ವರ್ಷ ಬರಬೇಕಿದ್ದದ್ದು ಬೆಳಗಿನ ಜಾವ 5 ಗಂಟೆ 30 ನಿಮಿಷಕ್ಕೆ.

ಐದೂವರೆ ದಾಟಿತು. ಎಲ್ಲ ಬಾಕ್ಸ್ ನೆಟ್ಟಗೆ ಓಡುತ್ತಿವೆ. ಕಾಫಿ ಲೋಟ ಹಿಡಿದು ಒಂದು ಬೆಂಚ್ ಹತ್ತಿರ ಹೋದೆ. ಅಲ್ಲಿದ್ದದ್ದು ವಿಮಾನದ ದೋಷಗಳನ್ನು ಇಳಿಸಿಕೊಂಡು ಪಟ್ಟಿ ಮಾಡುವ ನೆಲದ ಸಾಧನ. ಅದು ಹಾರುವುದಿಲ್ಲ, ಹಾಗಾಗಿ ನಮ್ಮ ಪರೀಕ್ಷೆಯ ಪಟ್ಟಿಯಲ್ಲಿ "ದಿನಾಂಕದಿಂದ ಸುರಕ್ಷತೆಗೆ ತೊಂದರೆಯಿಲ್ಲ" ಅಂತ ಬರೆದು ಸಹಿ ಹಾಕಿದವನು ನಾನೇ. ಒಂದು ದೋಷವನ್ನು ಬೇಕೆಂದೇ ಕೊಟ್ಟು ಪ್ರಿಂಟ್ ತೆಗೆದೆ. ಹೊಸ ದೋಷ ಮೇಲಿನ ಸಾಲಿನಲ್ಲಿ ಬರಬೇಕು. ಬರಲಿಲ್ಲ. ಪುಟದ ಕೊನೆಯಲ್ಲಿ, ಎಲ್ಲಕ್ಕಿಂತ ಕೆಳಗೆ ಕೂತಿತ್ತು. ವರ್ಷಕ್ಕೆ ಎರಡೇ ಅಂಕಿ, 99ಕ್ಕಿಂತ 00 ಚಿಕ್ಕದು, ಹಾಗಾಗಿ ಇವತ್ತಿನ ದೋಷ ಅದರ ಪ್ರಕಾರ ನೂರು ವರ್ಷ ಹಳೆಯದು.

ಮೆಕ್ಯಾನಿಕ್ ಬೆಳಿಗ್ಗೆ ಪ್ರಿಂಟ್ ತೆಗೆದು ಮೇಲಿನ ಐದು ಸಾಲು ನೋಡುತ್ತಾನೆ, ಹೊಸದೇನೂ ಇಲ್ಲ, ವಿಮಾನ ಬಿಡುತ್ತಾನೆ. ಅವನದು ತಪ್ಪಾ? ಅಲ್ಲ. ನಾನು ಹಾರುವ ಬಾಕ್ಸ್ ಮಾತ್ರ ನೋಡಿದೆ, ಹಾರಲು ಬಿಡುವ ಮನುಷ್ಯ ಯಾವ ಕಾಗದ ನೋಡುತ್ತಾನೆ ಅಂತ ನೋಡಲಿಲ್ಲ. ಆ ಪ್ರಿಂಟ್ ಇನ್ನೂ ನನ್ನ ಹತ್ತಿರ ಇದೆ, ಶಾಯಿ ಮಾಸಿದೆ. ಎಂಟು ಗಂಟೆಯೊಳಗೆ "ಪಟ್ಟಿಯನ್ನು ಕೆಳಗಿನಿಂದ ಮೇಲಕ್ಕೆ ಓದಿ" ಅಂತ ಎಲ್ಲ ಕಡೆ ಫ್ಯಾಕ್ಸ್ ಕಳಿಸಿದೆವು. ನಾಚಿಕೆಯ ಫ್ಯಾಕ್ಸ್. ಸಾಫ್ಟ್‌ವೇರ್ ಸರಿಯಾಗಲು ಮೂರು ತಿಂಗಳು ಹಿಡಿಯಿತು.

ಆ ರಾತ್ರಿ ಅಮೆರಿಕದ ಕೆಲವು ವಿಮಾನ ನಿಲ್ದಾಣಗಳಲ್ಲೂ ರನ್‌ವೇ ಹತ್ತಿರ ಗಾಳಿ ದಿಢೀರ್ ತಿರುಗಿದರೆ ಎಚ್ಚರಿಸುವ ವ್ಯವಸ್ಥೆ ದೋಷ ತೋರಿಸಿ ನಿಂತಿತ್ತು. ರೀಸ್ಟಾರ್ಟ್ ಮಾಡಿದರು, ಸರಿಹೋಯಿತು. ಆಮೇಲೆ ಜನ "ಏನೂ ಆಗಲಿಲ್ಲ, ದುಡ್ಡು ದಂಡ" ಅಂದರು. ಅಡಿಕೆಗೆ ಬೋರ್ಡೋ ಔಷಧಿ ಹೊಡೆದ ವರ್ಷ ಕೊಳೆ ರೋಗ ಬರಲಿಲ್ಲ, ಆದ್ದರಿಂದ ಬೋರ್ಡೋ ದಂಡ ಅಂದ ಹಾಗೆ.

ತಯಾರಿ ಹೇಗೆ ಅಂತ ಕೇಳಿದ್ದೀರಿ. ಅದರಲ್ಲಿ ತೊಂಬತ್ತು ಪಾಲು ಒಂದೇ ಕೆಲಸ: ಗಡಿಯಾರ ಎಲ್ಲೆಲ್ಲಿ ಅಡಗಿದೆ ಅಂತ ಹುಡುಕುವುದು. ಬೇರೆ ಎಲ್ಲ ಕೇಡುಗಳು ಹೇಳದೆ ಕೇಳದೆ ಬರುತ್ತವೆ. ಇದು ಮಾತ್ರ ಸೆಕೆಂಡ್ ಸಮೇತ ತಾರೀಕು ಹೇಳಿ ಬರುತ್ತದೆ. ಆದರೂ ನಾವು ಸಿಕ್ಕಿಬೀಳುತ್ತೇವೆ ಅಂದರೆ ಕಾರಣ ಯಾವ ಪೆಟ್ಟಿಗೆಯಲ್ಲಿ ಎಂಥ ಗಡಿಯಾರ ಇದೆ ಅನ್ನುವುದು ಯಾರಿಗೂ ನೆನಪಿಲ್ಲದಿರುವುದು. ಬರೆದವರು ರಿಟೈರ್ ಆಗಿರುತ್ತಾರೆ. ಕಂಪನಿ ಇನ್ನೊಂದು ಕಂಪನಿಗೆ ಮಾರಾಟವಾಗಿರುತ್ತದೆ. ಮೂಲ ಪ್ರೋಗ್ರಾಂ ಯಾವುದೋ ಫ್ಲಾಪಿಯಲ್ಲಿ ಇರುತ್ತದೆ, ಫ್ಲಾಪಿಗೆ ಬೂಸಲು. ತಮಾಷೆ ಅಲ್ಲ, ಬೋಯಿಂಗ್ 747-400 ವಿಮಾನಗಳಿಗೆ ಆ 28 ದಿನದ ಡೇಟಾಬೇಸ್ ತುಂಬುತ್ತಿದ್ದದ್ದೇ ಫ್ಲಾಪಿಯಿಂದ.

ಇದಕ್ಕೆ ನನಗೆ ಬಹಳ ಇಷ್ಟವಾದ ಕಥೆ ಎಫ್‌ಎಎಯದ್ದೇ. 1990ರ ದಶಕದ ಕೊನೆಯಲ್ಲಿ ಅವರ ವಿಮಾನ ಸಂಚಾರ ಕೇಂದ್ರಗಳಲ್ಲಿ ಐಬಿಎಂ 3083 ಅನ್ನುವ ಎಂಬತ್ತರ ದಶಕದ ದೊಡ್ಡ ಕಂಪ್ಯೂಟರುಗಳಿದ್ದವು. ಇವು 2000 ದಾಟುತ್ತವಾ ಅಂತ ಕೇಳಿದರೆ, ಇದರ ತೀರಾ ಒಳಗಿನ ಮೈಕ್ರೋಕೋಡ್, ಅಂದರೆ ಯಂತ್ರವನ್ನೇ ನಡೆಸುವ ಮೂಲ ಸೂಚನೆಗಳನ್ನು ಪರೀಕ್ಷಿಸಲು ನಮ್ಮಲ್ಲಿ ಈಗ ಉಪಕರಣವೂ ಇಲ್ಲ, ಬಲ್ಲ ಜನವೂ ಇಲ್ಲ, ಬದಲಿಸಿ ಅಂತ ಐಬಿಎಂ ಹೇಳಿಬಿಟ್ಟಿತು. ಎಫ್‌ಎಎ ಐಬಿಎಂನಿಂದ ನಿವೃತ್ತರಾಗಿದ್ದ ಇಬ್ಬರು ಹಳಬರನ್ನು ಕರೆಸಿತು. ಅವರು ಸಾಲು ಸಾಲಾಗಿ ಓದಿ ಕಂಡುಕೊಂಡದ್ದು ಏನು ಗೊತ್ತಾ? ಆ ಮೈಕ್ರೋಕೋಡ್ ವರ್ಷದ ಕೊನೆಯ ಎರಡು ಅಂಕಿಯನ್ನು ನೋಡುವುದೇ ಇಲ್ಲ. 1975ನ್ನು ಒಂದನೇ ವರ್ಷ ಅಂದುಕೊಂಡು 32ರ ತನಕ ಎಣಿಸುತ್ತದೆ. ಅಂದರೆ ಅದರದ್ದೇ ಆದ 32 ಸಂವತ್ಸರದ ಪಂಚಾಂಗ! 2000ಕ್ಕೆ ಏನೂ ಆಗುವುದಿಲ್ಲ, 2007ಕ್ಕೆ ಕೈಕೊಡುತ್ತದೆ. ಇಡೀ ಜಗತ್ತು ಒಂದು ದಿನಕ್ಕೆ ಹೆದರಿ ಕೂತಿದ್ದಾಗ ಆ ಪೆಟ್ಟಿಗೆಯ ಗಂಡಾಂತರ ಏಳು ವರ್ಷ ಆಚೆ ಕೂತಿತ್ತು. ಆಮೇಲೆ ಆ ಯಂತ್ರಗಳನ್ನು ಬದಲಿಸಿದರು ಅನ್ನಿ.

ಗಡಿಯಾರ ಸಿಕ್ಕ ಮೇಲೆ ಪರೀಕ್ಷೆ. ಬಾಕ್ಸನ್ನು ಬೇರೆ ಕೋಣೆಯಲ್ಲಿ, ಬೇರೆ ಯಾವುದಕ್ಕೂ ತಾಗಿಸದೆ ಇಟ್ಟು, ಜಿಪಿಎಸ್ ಉಪಗ್ರಹದಂತೆ ಸುಳ್ಳು ಸಂಕೇತ ಕೊಡುವ ಯಂತ್ರದಿಂದ ಮುಂದಿನ ತಾರೀಕು ತಿನ್ನಿಸುತ್ತೇವೆ. ಬೇರೆ ಕೋಣೆ ಯಾಕೆ ಅಂದರೆ, ಓಡುವ ವ್ಯವಸ್ಥೆಯ ಗಡಿಯಾರವನ್ನೇ ಹನ್ನೆರಡು ವರ್ಷ ಮುಂದಕ್ಕೆ ತಿರುಗಿಸಿದರೆ ಪಾಸ್‌ವರ್ಡ್, ಲೈಸೆನ್ಸ್, ಸರ್ಟಿಫಿಕೇಟ್ ಎಲ್ಲ ಅವಧಿ ಮುಗಿದು ಸಾಯುತ್ತವೆ, ವಾಪಸ್ ತಿರುಗಿಸಿದರೂ ಎಲ್ಲವೂ ಏಳುವುದಿಲ್ಲ. ಹೊಸಬರು ಮಾಡುವ ತಪ್ಪು ಇನ್ನೊಂದಿದೆ. ಗಡಿ ದಾಟುವಾಗ ಬಾಕ್ಸ್ ಸುಮ್ಮನಿದ್ದರೆ ಪಾಸ್ ಅಂದುಬಿಡುತ್ತಾರೆ. ದಾಟಿದ ಮೇಲೆ ಕರೆಂಟ್ ತೆಗೆದು ಮತ್ತೆ ಕೊಡಬೇಕು, ಬಹಳಷ್ಟು ಬಾಕ್ಸ್‌ಗಳು ಹೊಳೆ ದಾಟುತ್ತವೆ, ಆಚೆ ದಡದಲ್ಲಿ ಮಲಗಿ ಏಳುವಾಗ ಎಡವುತ್ತವೆ. ಬದಲಿ ಬಾಕ್ಸ್‌ಗೆ ಕೆಲಸ ಬದಲಾಯಿಸಿ ನೋಡಬೇಕು. ಜೊತೆಗೆ ಅದರ ಪ್ರಿಂಟ್, ಪಟ್ಟಿ, ವಿಂಗಡಣೆ. ನನ್ನ ಫ್ಯಾಕ್ಸ್ ನೆನಪಿಟ್ಟುಕೊಳ್ಳಿ.

ದೋಷ ಸಿಕ್ಕರೆ ತಿದ್ದುವುದು ಅಂತ ಅಂದುಕೊಂಡಷ್ಟು ಸುಲಭ ಅಲ್ಲ. ವಿಮಾನದ ಸಾಫ್ಟ್‌ವೇರ್‌ನಲ್ಲಿ ಒಂದು ಸಾಲು ಬದಲಿಸಿದರೂ ಅದರ ಸುತ್ತಲಿನ ಪರೀಕ್ಷೆಗಳನ್ನೆಲ್ಲ ಮತ್ತೆ ಮಾಡಿ, ದಾಖಲೆ ತೋರಿಸಿ, ಒಪ್ಪಿಗೆ ಪಡೆಯಬೇಕು. ಅದು ಒಳ್ಳೆಯದೇ. ಆದರೆ ದುಬಾರಿ, ಹಾಗಾಗಿ ಅಡ್ಡದಾರಿ ಹುಡುಕುತ್ತಾರೆ. ಒಂದು ಹಳೆಯ ಅಡ್ಡದಾರಿ ಅಂದರೆ "20ಕ್ಕಿಂತ ಕಡಿಮೆ ಅಂಕಿ ಬಂದರೆ 2000ದ ಲೆಕ್ಕ, ಇಲ್ಲದಿದ್ದರೆ 1900ರ ಲೆಕ್ಕ" ಅಂತ ಬರೆದುಬಿಡುವುದು. 1999ರಲ್ಲಿ ಬಹಳ ಜನ ಬರೆದರು, 2020 ಯಾರಿಗೆ ಬೇಕು ಅಂತ. 2020ರ ಜನವರಿ 1ರಂದು ನ್ಯೂಯಾರ್ಕಿನ ಪಾರ್ಕಿಂಗ್ ಮೀಟರುಗಳು ಕಾರ್ಡ್ ತೆಗೆದುಕೊಳ್ಳಲೇ ಇಲ್ಲ, ಅವುಗಳ ಪಾವತಿ ಸಾಫ್ಟ್‌ವೇರ್‌ಗೆ ಆ ದಿನವೇ ಕೊನೆ ಅಂತ ಬರೆದಿಟ್ಟು ಬದಲಿಸಿರಲಿಲ್ಲ. 2024ರಲ್ಲಿ ಅಮೆರಿಕದ ಒಬ್ಬ 101 ವರ್ಷದ ಅಜ್ಜಿಯನ್ನು ವಿಮಾನದ ಬುಕಿಂಗ್ ಕಂಪ್ಯೂಟರ್ ಒಂದು ವರ್ಷದ ಕೂಸು ಅಂದುಕೊಂಡಿತ್ತು, ಸಿಬ್ಬಂದಿ ಮಗುವನ್ನು ಹುಡುಕುತ್ತಿದ್ದರು. ಅಜ್ಜಿ ನಕ್ಕರಂತೆ.

ನಿಮ್ಮ ಮಗಳು ಹತ್ತುವ ವಿಮಾನಕ್ಕೂ ಇದೇ ಕ್ರಮ. ವಿಮಾನ ತಯಾರಾದ ದೇಶದ ನಿಯಂತ್ರಕರು ಕಡ್ಡಾಯ ಸೂಚನೆ ಹೊರಡಿಸಿದರೆ ಇಲ್ಲಿ ಹಾರಿಸುವವರೂ ಪಾಲಿಸಬೇಕು. ಅಷ್ಟರಲ್ಲೂ ಕೈಕೊಟ್ಟರೆ ಕಾಗದ ಇದೆ. 2024ರ ಜುಲೈ 19ರಂದು ಒಂದು ಭದ್ರತಾ ಸಾಫ್ಟ್‌ವೇರ್‌ನ ಕೆಟ್ಟ ಅಪ್‌ಡೇಟ್‌ನಿಂದ ಕಂಪ್ಯೂಟರುಗಳು ಮಲಗಿದಾಗ ನಮ್ಮ ದೇಶದ ನಿಲ್ದಾಣಗಳಲ್ಲಿ ಪೆನ್ನಿನಿಂದ ಬೋರ್ಡಿಂಗ್ ಪಾಸ್ ಬರೆದುಕೊಟ್ಟಿದ್ದು ನೋಡಿದಿರಲ್ಲ. ಅದು ದಿನಾಂಕದ ದೋಷ ಅಲ್ಲ, ಆದರೆ ಪೆನ್ನು ಹಿಡಿಯುವ ಅಭ್ಯಾಸ ಎಲ್ಲದಕ್ಕೂ ಬೇಕು. ಆ ಕೆಲಸವನ್ನು ವರ್ಷಕ್ಕೊಮ್ಮೆಯಾದರೂ ಮಾಡಿ ನೋಡದಿದ್ದರೆ ಮರೆತುಹೋಗುತ್ತದೆ.

ಈಗ ನಿಮ್ಮ ಸಂಘ. ಆ ಹುಡುಗನಿಗೆ ಬೈಯಬೇಡಿ, ಕೂರಿಸಿಕೊಂಡು ಕೇಳಿ: ದಿನಾಂಕ ಡೇಟಾಬೇಸ್‌ನಲ್ಲಿ ಹೇಗೆ ಕೂತಿದೆ, ಲೆಕ್ಕ ಹಾಕುವ ಪ್ರೋಗ್ರಾಂನಲ್ಲಿ ಹೇಗೆ, ಪ್ರಿಂಟ್‌ನಲ್ಲಿ ಹೇಗೆ? ಮೂರೂ ಬೇರೆ ಬೇರೆ ಇರಬಹುದು. ಬಹುಶಃ ಡೇಟಾಬೇಸ್‌ನಲ್ಲಿ ತಾರೀಕು ಸರಿ ಇದ್ದು, ನಡುವಿನ ಲೆಕ್ಕ ಮಾತ್ರ 32 ಬಿಟ್ ಇರುತ್ತದೆ, ಹಾಗಿದ್ದರೆ ಕೆಲಸ ಚಿಕ್ಕದು. 28 ವರ್ಷ ಕಳೆದು ಲೆಕ್ಕ ಹಾಕೋಣ, 2038ಕ್ಕೂ 2010ಕ್ಕೂ ವಾರ ತಾರೀಕು ಒಂದೇ ಅಂತ ಅವನು ಜಾಣತನ ತೋರಿಸಿದರೆ ಒಪ್ಪಬೇಡಿ. ಕಂತಿನ ದಿನ ಸರಿ ಕಾಣುತ್ತದೆ, ಬಡ್ಡಿ ಕೆಟ್ಟುಹೋಗುತ್ತದೆ. ಅಸಲಿ ಡೇಟಾದ ಒಂದು ನಕಲು ಮಾಡಿಸಿ ಬೇರೆ ಕಂಪ್ಯೂಟರಿನಲ್ಲಿ ಹಾಕಿ, 29-02-2028, 19-01-2038, 31-03-2038, 31-03-2039 ಈ ನಾಲ್ಕು ತಾರೀಕಿಗೆ ಕಂತು, ಬಡ್ಡಿ, ಬಾಕಿ ಪಟ್ಟಿ ಮೂರನ್ನೂ ತೆಗೆಸಿ. ಹದಿನೈದು ವರ್ಷದ ಸಾಲ ತೆಗೆದುಕೊಂಡವರ ಪಾಸ್‌ಬುಕ್‌ನಲ್ಲಿ 2038ರ ಜನವರಿ 19ರ ನಂತರದ ಕಂತುಗಳನ್ನು ಸದ್ಯಕ್ಕೆ ಕೈಯಲ್ಲೇ ಬರೆದು ಕಾರ್ಯದರ್ಶಿಗಳ ಸಹಿ ಹಾಕಿಸಿ.

ಮತ್ತೆ ಆ 22-02-1902 ಬಂದ ಕಾಗದ ಹರಿದು ಬಿಸಾಡಿಲ್ಲ ತಾನೆ? ಫೈಲಿಗೆ ಹಾಕಿಡಿ. ಸರಿಮಾಡಿದೆ ಅಂತ ಹುಡುಗ ಬಂದು ಹೇಳಿದ ದಿನ ಅದೇ ಸಾಲವನ್ನು ಮತ್ತೆ ಹಾಕಿಸಿ, ಎರಡು ಪ್ರಿಂಟನ್ನೂ ಪಕ್ಕದಲ್ಲಿಟ್ಟು ನೋಡಬೇಕಾಗುತ್ತದೆ.